ಹೊಡೆದು ಬರೆಸಿಕೊಂಡ ತಪ್ಪೊಪ್ಪಿಗೆ ನಿಲ್ಲಲ್ಲ

ಚಿಂತಾಮಣಿಯ ಸರ್, ಭಾಮೈದನಿಗೆ ಸ್ಟೇಷನ್‌ನಲ್ಲಿ ಹೊಡೆದು ತಪ್ಪೊಪ್ಪಿಗೆ ಬರೆಸಿಕೊಂಡರೆ ನಿಲ್ಲುತ್ತಾ, ಚಿತ್ರಹಿಂಸೆಗೇ ಅಂತ ಕಾನೂನು ಇದೆಯಾ ಅಂತ ಕೇಳಿದ್ದೀರಿ.

ಪೊಲೀಸರಿಗೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟ್‌ನಲ್ಲಿ ನಿಲ್ಲಲ್ಲ. ಹೇಳಿದ ಜಾಗದಲ್ಲಿ ಮಾಲು ಸಿಕ್ಕಿದರೆ ಅಷ್ಟು ಭಾಗ ಮಾತ್ರ ಸಾಕ್ಷ್ಯಕ್ಕೆ ಬರುತ್ತದೆ. ಹೊಡೆದು ಬಾಯಿ ಬಿಡಿಸುವುದೂ ಅಪರಾಧವೇ, ಭಾರತೀಯ ನ್ಯಾಯ ಸಂಹಿತೆಯ 120ನೇ ಸೆಕ್ಷನ್. ಪ್ರತ್ಯೇಕ ಕಾನೂನು ಮಾತ್ರ ಇಲ್ಲ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲೇ ಸಹಿ ಹಾಕಿತು, ಅನುಮೋದಿಸಲಿಲ್ಲ. 2010ರ ಚಿತ್ರಹಿಂಸೆ ತಡೆ ಮಸೂದೆ ಲೋಕಸಭೆ ದಾಟಿತು, ಆಮೇಲೆ ಬಿದ್ದೇ ಹೋಯಿತು. ಸಹಿಗೆ ಇದ್ದ ಉತ್ಸಾಹ ಎಲ್ಲಿ ಹೋಯಿತೋ!

ನಮ್ಮ ಕೋಲಾರದ ಕಡೆ ಒಮ್ಮೆ ನೋಡಿದ್ದೆ. ಹುಡುಗನೊಬ್ಬ ತುಂಬುತೋಳಿನ ಅಂಗಿಯನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು, ಜಡ್ಜ್ ಕೇಳಿದರೂ ‘ಏನಿಲ್ಲ ಸ್ವಾಮಿ’ ಅಂದ. ನಿಮ್ಮವನು ಸುಮ್ನಿರಬಾರದು. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು. ಆಗ ತೋಳು ಮಡಚಿ ಗಾಯ ತೋರಿಸಲಿ, ಡಾಕ್ಟರ್ ತಪಾಸಣೆ ಕೇಳಲಿ.