ಆರುನೂರು ಜನಕ್ಕೆ ಹೆಸರು ಹಾಕಿಸಿದ ಸೇಫ್ಟಿ ಜಾಕೆಟ್: ಆರ್ಡರ್ ಕೊಡೋ ಮೊದಲು

ಹೆದ್ದಾರಿ ಅಗಲೀಕರಣದ ಕೆಲಸಕ್ಕೆ ಆರುನೂರು ಜನ ಇದ್ದಾರೆ, ಎಲ್ಲರಿಗೂ ಕಂಪನಿ ಲೋಗೋ, ಅವರವರ ಹೆಸರು, ಬ್ಲಡ್ ಗ್ರೂಪ್ ಹಾಕಿಸಿ ಸೇಫ್ಟಿ ಜಾಕೆಟ್ ಮಾಡಿಸಬೇಕು, ಎಲ್ಲಿ ಮಾಡಿಸೋದು, ಏನೇನು ನೋಡಬೇಕು ಅಂತ ಕೇಳಿದ್ದೀರಿ. ನಾನು ರಸ್ತೆ ಗುತ್ತಿಗೆದಾರರೊಬ್ಬರ ಹತ್ತಿರ ಸ್ಟೋರ್ಸ್ ನೋಡಿಕೊಳ್ಳುವವನು. ಜಾಕೆಟ್ಟು, ಹೆಲ್ಮೆಟ್ಟು, ಗಮ್‌ಬೂಟು ತರಿಸೋದು, ಲೆಕ್ಕ ಇಡೋದು ನನ್ನ ಪಾಲಿನ ಕೆಲಸ. ಒಂದೇ ಮಾತಲ್ಲಿ ಹೇಳಬೇಕು ಅಂದ್ರೆ, ಹೆಸರು ಹಾಕಿಸೋ ಯೋಚನೆ ಬಿಡಿ, ಆ ದುಡ್ಡನ್ನ ಬೆಳಕು ಬಿದ್ದರೆ ಹೊಳೆಯೋ ಪಟ್ಟಿಗೆ, ಅಂದ್ರೆ ನಾವು ರೇಡಿಯಂ ಅನ್ನೋ ಪಟ್ಟಿಗೆ ಹಾಕಿ.

ಯಾಕೆ ಅಂದ್ರೆ ಸೈಟಲ್ಲಿ ಜನ ನಿಲ್ಲಲ್ಲ. ನಮ್ಮ ರಾಯಚೂರು, ಕಲಬುರಗಿ ಕಡೆಯವರು ಬಿತ್ತನೆ ಹೊತ್ತಿಗೆ ಊರು ಸೇರ್ತಾರೆ. ಬಿಹಾರ, ಜಾರ್ಖಂಡ್‌ನವರು ಛಠ್ ಹಬ್ಬಕ್ಕೆ ಹೊರಟರೆ ಕ್ಯಾಂಪೇ ಭಣಭಣ. ವಾಪಸ್ ಬರೋ ಗ್ಯಾಂಗಲ್ಲಿ ಹಳಬರು ಎಷ್ಟು ಜನ ಇರ್ತಾರೋ ಮೇಸ್ತ್ರಿಗೂ ಗೊತ್ತಿರಲ್ಲ. ಆಮೇಲೆ ಒಬ್ಬನ ಹೆಸರಿನ ಜಾಕೆಟ್ ಇನ್ನೊಬ್ಬನ ಮೈಮೇಲೆ. ಏನಾದರೂ ಅನಾಹುತ ಆಗಿ ಮನೆಯವರಿಗೆ ಫೋನ್ ಮಾಡೋ ಹೊತ್ತಲ್ಲಿ ಆ ಹೆಸರನ್ನ ನಂಬಿದರೆ ಏನಾಗುತ್ತೆ ಯೋಚನೆ ಮಾಡಿ. ಬ್ಲಡ್ ಗ್ರೂಪಿನದ್ದೂ ಅಷ್ಟೇ. ಆಸ್ಪತ್ರೆಯವರು ಹೇಗೂ ತಾವೇ ಪರೀಕ್ಷೆ ಮಾಡಿಕೊಂಡೇ ರಕ್ತ ಕೊಡೋದು.

ಅದರ ಬದಲು ಎದೆ ಮೇಲೆ ಐಡಿ ಕಾರ್ಡ್ ಇಡೋಕೆ ಪಾರದರ್ಶಕ ಜೇಬು ಇಡಿಸಿ. ಕಾರ್ಡ್ ಬದಲಾದರೆ ಸಾಕು, ಜಾಕೆಟ್ ಬದಲಾಗಬೇಕಿಲ್ಲ. ಬೆನ್ನಿಗೆ ಕಂಪನಿ ಹೆಸರಿನ ಜೊತೆ ಕೆಲಸದ ಹೆಸರು ದಪ್ಪ ಅಕ್ಷರದಲ್ಲಿ ಹಾಕಿಸಿ: ಫ್ಲ್ಯಾಗ್‌ಮನ್, ಸರ್ವೆ, ಎಲೆಕ್ಟ್ರಿಷಿಯನ್, ಫಸ್ಟ್ ಏಡ್. ರಿವರ್ಸ್ ತಗೊಳ್ಳೋ ಟಿಪ್ಪರ್ ಡ್ರೈವರಿಗೆ ಹಿಂದೆ ನಿಂತವರ ಪೈಕಿ ಯಾರ ಸನ್ನೆ ಕೇಳಬೇಕು ಅಂತ ಗೊತ್ತಾಗೋದು ಮುಖ್ಯ. ಹಣದ ಲೆಕ್ಕವೂ ಇದರ ಕಡೆಗೇ ಇದೆ. ಸ್ಕ್ರೀನ್ ಪ್ರಿಂಟಲ್ಲಿ ಒಂದು ಡಿಸೈನಿನ ಒಂದೊಂದು ಬಣ್ಣಕ್ಕೆ ಒಂದು ಸ್ಕ್ರೀನ್, ಅಂದ್ರೆ ಅಚ್ಚಿನ ಜಾಲರಿ. ಅದು ಒಮ್ಮೆ ತಯಾರಾದರೆ ನೂರಾದರೂ ಅದೇ, ಸಾವಿರವಾದರೂ ಅದೇ. ಒಬ್ಬೊಬ್ಬರಿಗೆ ಒಂದೊಂದು ಹೆಸರು ಅಂದ್ರೆ ಪ್ರತಿ ಪೀಸಿಗೂ ಬೇರೆ ಟ್ರಾನ್ಸ್‌ಫರ್ (ಬಿಸಿ ಒತ್ತಿ ಅಂಟಿಸೋ ಅಚ್ಚು) ಮಾಡಿ ಒತ್ತಬೇಕು, ರೇಟು ಅಲ್ಲೇ ಏರೋದು.

ಈಗ ಪಟ್ಟಿ ವಿಷಯ. ಜಾಕೆಟ್ ಕೊಳ್ಳುವವರು ಬಟ್ಟೆ ಬಣ್ಣ ನೋಡಿ ಮರುಳಾಗ್ತಾರೆ. ಆ ಬಣ್ಣ ಹಗಲಿಗೆ ಮಾತ್ರ. ಬಿಸಿಲಲ್ಲಿರೋ, ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನ ಹೀರಿಕೊಂಡು ಕಾಣೋ ಬೆಳಕಾಗಿ ಬಿಡೋದರಿಂದ ಮೋಡ ಕವಿದಾಗ, ಮುಸ್ಸಂಜೆಯಲ್ಲಿ ಕೂಡ ಎದ್ದು ಕಾಣುತ್ತೆ. ಕತ್ತಲಾದ ಮೇಲೆ ಆ ಆಟ ನಡೆಯಲ್ಲ. ರಾತ್ರಿ ಡಾಂಬರು ಹಾಕುವಾಗ ನಿಮ್ಮ ಕೆಲಸಗಾರನನ್ನ ಉಳಿಸೋದು ಎರಡು ಇಂಚು ಅಗಲದ ಆ ಬೆಳ್ಳಿ ಪಟ್ಟಿ. ಅದರ ಮೇಲೆ ಪುಡಿ ಗಾಜಿನ ಮಣಿಗಳು ಕೂತಿರ್ತವೆ, ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ತಿರುಗಿ ಕಳಿಸ್ತವೆ. ಹೆಡ್‌ಲೈಟ್ ಹತ್ತಿರವೇ ಡ್ರೈವರ್ ಕಣ್ಣು ಇರೋದರಿಂದ ಅವನಿಗೆ ಹೊಳೆದು ಕಾಣುತ್ತೆ.

ಮಾರ್ಕೆಟ್ಟಲ್ಲಿ ನೂರು ರೂಪಾಯಿ ಒಳಗೂ ಜಾಕೆಟ್ ಸಿಗ್ತವೆ. ಅವುಗಳಲ್ಲಿ ಎಷ್ಟೋ ಪಟ್ಟಿಗಳು ಬರೀ ಬೂದು ಬಣ್ಣದ ಪ್ಲಾಸ್ಟಿಕ್. ಪರೀಕ್ಷೆ ಸುಲಭ. ಗೋಡೌನಿನ ಲೈಟ್ ಆರಿಸಿ, ಹತ್ತು ಮೀಟರ್ ದೂರದಲ್ಲಿ ಜಾಕೆಟ್ ನೇತುಹಾಕಿ, ಮೊಬೈಲ್ ಟಾರ್ಚನ್ನ ಕೆನ್ನೆಗೆ ತಾಗಿಸಿ ಹಿಡಿದು ನೋಡಿ. ಪಟ್ಟಿ ಬೆಳ್ಳಗೆ ಉರಿಯಬೇಕು. ಈಗ ಟಾರ್ಚನ್ನ ಪಟ್ಟಿ ಕಡೆಗೇ ತಿರುಗಿಸಿಕೊಂಡು ಕೈಯನ್ನ ಪಕ್ಕಕ್ಕೆ ಪೂರ್ತಿ ಚಾಚಿ. ಒಳ್ಳೇ ಪಟ್ಟಿ ಆದರೆ ಹೊಳಪು ಥಟ್ಟನೆ ಇಳಿಯುತ್ತೆ, ಯಾಕಂದ್ರೆ ಬೆಳಕು ಟಾರ್ಚಿನ ಕಡೆಗೆ ಹೋಗ್ತಿದೆ, ನಿಮ್ಮ ಕಣ್ಣಿಗಲ್ಲ. ಎರಡೂ ಸಲ ಒಂದೇ ಥರ ಮಂಕಾಗಿ ಕಂಡರೆ ಅದು ಬರೀ ಅಲಂಕಾರ. ಆಮೇಲೆ ನೀರು ಚಿಮುಕಿಸಿ ಇನ್ನೊಮ್ಮೆ ನೋಡಿ, ಮಳೆಗಾಲದ ರಾತ್ರಿಯಲ್ಲೂ ನಮಗೆ ಕೆಲಸ ಇರುತ್ತಲ್ಲ. ಉಗುರಲ್ಲಿ ಕೆರೆದು, ಮಡಚಿ ಬಿಚ್ಚಿ ಮಾಡಿದಾಗ ಪುಡಿ ಉದುರಿದರೆ ವಾಪಸ್ ಕೊಟ್ಟುಬಿಡಿ.

ಎಷ್ಟು ಪಟ್ಟಿ ಇರಬೇಕು ಅನ್ನೋದಕ್ಕೆ ಎದ್ದು ಕಾಣೋ ಸುರಕ್ಷತಾ ಉಡುಪಿಗೆ ಯುರೋಪಿನಲ್ಲಿರೋ ಮಾನದಂಡ ಇಎನ್ ಐಎಸ್‌ಒ 20471 ಒಳ್ಳೇ ಅಳತೆಗೋಲು. ಅದರ ಮೂರು ದರ್ಜೆಯಲ್ಲಿ ನಡುವಿನದಾದ ಕ್ಲಾಸ್ 2 ಜಾಕೆಟ್ಟಿಗೆ ಹೊಳೆಯೋ ಬಣ್ಣದ ಬಟ್ಟೆ ಕನಿಷ್ಠ 0.50 ಚದರ ಮೀಟರ್, ಪಟ್ಟಿ 0.13 ಚದರ ಮೀಟರ್ ಬೇಕು. 50 ಮಿಲಿಮೀಟರ್ ಅಗಲದ ಪಟ್ಟಿ ಅಂದ್ರೆ ಒಟ್ಟು ಉದ್ದ 2.6 ಮೀಟರ್ ಆಯ್ತು. ಟೈಲರ್ ಟೇಪ್ ಹಿಡಿದು ನೀವೇ ಅಳೀಬಹುದು. ತೋಳಿಲ್ಲದ ಜಾಕೆಟ್ಟಿಗೆ ಯಾರಾದರೂ ‘ಕ್ಲಾಸ್ 3’ ಅಂದ್ರೆ ನಂಬಬೇಡಿ. ಆ ದರ್ಜೆಗೆ ಪಟ್ಟಿ ಇರೋ ತೋಳಾದರೂ ಬೇಕು, ಪ್ಯಾಂಟಾದರೂ ಬೇಕು. ನಮ್ಮ ದೇಶದ ಮಾನದಂಡ ಐಎಸ್ 15809. ಐಎಸ್‌ಐ ಗುರುತು ಇದೆ ಅಂತ ಹೇಳಿದರೆ ‘ಸಿಎಂ/ಎಲ್’ ಅಂತ ಶುರುವಾಗೋ ಲೈಸೆನ್ಸ್ ನಂಬರನ್ನ, ಆ ಗುರುತು ಕೊಡೋ ಸರ್ಕಾರಿ ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪಲ್ಲಿ ಹಾಕಿ ನೋಡಿ, ಯಾರಿಗೆ ಯಾವುದಕ್ಕೆ ಕೊಟ್ಟಿದ್ದು ಅಂತ ಬರುತ್ತೆ. ಇಲ್ಲೊಂದು ಕೈಚಳಕ ಇದೆ: ಪಟ್ಟಿ ತಯಾರಿಸಿದ ಕಂಪನಿಯ ಸರ್ಟಿಫಿಕೇಟ್ ತೋರಿಸಿ ಜಾಕೆಟ್ ಮಾರ್ತಾರೆ. ಪಟ್ಟಿ ಪಾಸಾಗಿದ್ದರೂ ಹೊಲಿದ ಜಾಕೆಟ್ ಪಾಸಾಗಿದೆ ಅಂತ ಅರ್ಥ ಅಲ್ಲ.

ಪ್ರಿಂಟಿಂಗಿಗೆ ಬರೋಣ. ಬೆನ್ನಿನ ಮೇಲೆ 30 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರದ ತುಂಬು ಲೋಗೋ ಒತ್ತಿದರೆ 0.06 ಚದರ ಮೀಟರ್ ಬಣ್ಣದ ಬಟ್ಟೆ ಮುಚ್ಚಿಹೋಯ್ತು. ಕಡಿಮೆ ಬಟ್ಟೆಯಲ್ಲಿ ಹೊಲಿದ ಜಾಕೆಟ್ ಅಲ್ಲಿಗೇ ಕ್ಲಾಸ್ 2ರಿಂದ ಜಾರುತ್ತೆ. ಸಾಹೇಬರಿಗೆ ದೊಡ್ಡ ಲೋಗೋ ಇಷ್ಟ, ಅದು ಎಲ್ಲಾ ಕಡೆ ಇರೋ ಕಥೆ. ಬರೀ ಗೆರೆಯಲ್ಲಿ, ಒಂದೇ ಬಣ್ಣದಲ್ಲಿ, ಮೇಲಿನ ಪಟ್ಟಿಗೂ ಕತ್ತಿನ ಹಿಂಭಾಗಕ್ಕೂ ನಡುವೆ ಹಾಕಿಸಿ, ಪಟ್ಟಿ ಮೇಲೆ ಮಾತ್ರ ಒಂದು ಅಕ್ಷರವೂ ಬೇಡ. ಕಪ್ಪು ಬಣ್ಣವೇ ವಾಸಿ. ಬಿಳಿ ಹಾಕಿಸಿದರೆ ಹೊಸದರಲ್ಲಿ ಚಂದ, ಆದರೆ ಪಾಲಿಯೆಸ್ಟರ್ ಬಟ್ಟೆಯ ಬಣ್ಣ ಪ್ರಿಂಟ್ ಒಣಗಿಸೋ ಬಿಸಿಗೆ ಮೇಲೆದ್ದು ಶಾಯಿಗೆ ಇಳಿಯುತ್ತೆ, ಹಳದಿ ಜಾಕೆಟ್ ಮೇಲಿನ ಬಿಳಿ ಅಕ್ಷರ ಕೆಲವೇ ದಿನದಲ್ಲಿ ನಿಂಬೆ ಬಣ್ಣಕ್ಕೆ ತಿರುಗಿಬಿಡುತ್ತೆ.

ಕನ್ನಡದಲ್ಲಿ ಹಾಕಿಸೋದಾದರೆ, ಹಾಕಿಸಿ ಅಂತಲೇ ನಾನು ಹೇಳೋದು, ಪ್ರಿಂಟ್ ಅಂಗಡಿಯವರು ಡಿಸೈನಿಗೆ ಬಳಸೋ ಕೋರಲ್‌ಡ್ರಾ ಸಾಫ್ಟ್‌ವೇರ್ ಮೇಲೆ ಒಂದು ಕಣ್ಣಿರಲಿ. ವಾಟ್ಸಾಪಲ್ಲಿ ಕಳಿಸಿದ ಯೂನಿಕೋಡ್ ಅಕ್ಷರವನ್ನ ಹಳೇ ವರ್ಷನ್ನಿಗೆ ಅಂಟಿಸಿದರೆ ಒತ್ತಕ್ಷರ ಕಳಚಿಕೊಳ್ಳುತ್ತೆ. ‘ಸುರಕ್ಷತೆ’ಯ ಕ್ಷ ಒಡೆದು ‘ಕ್‌ಷ’ ಆಗಿ ಬಂದಿದ್ದನ್ನ ನಾನೇ ಪ್ರೂಫಲ್ಲಿ ಹಿಡಿದಿದ್ದೀನಿ. ಡಿಸೈನರಿಗೆ ಕನ್ನಡ ಬಾರದಿದ್ದರೆ ಅವರಿಗದು ತಪ್ಪು ಅಂತಲೂ ಕಾಣಲ್ಲ. ಅಕ್ಷರಗಳನ್ನ ಕರ್ವ್ ಮಾಡಿಸಿ (ಅಂದ್ರೆ ಫಾಂಟ್ ಬೇಕಿಲ್ಲದ ಚಿತ್ರವಾಗಿ ಬದಲಿಸಿ), ಪಿಡಿಎಫ್ ತರಿಸಿಕೊಂಡು, ಕನ್ನಡ ಓದೋ ಇಬ್ಬರಿಗೆ ತೋರಿಸಿದ ಮೇಲೇ ಸ್ಕ್ರೀನ್ ಮಾಡೋಕೆ ಹೇಳಿ.

ಸೈಜಿನ ವಿಷಯದಲ್ಲಿ ‘ಫ್ರೀ ಸೈಜ್’ ಬೇಡ. ಸಣ್ಣ ಮೈಯವರಿಗೆ ದೊಗಳೆ ಜಾಕೆಟ್ ಕೊಟ್ಟರೆ ಅದು ಗಾಳಿಗೆ ಹಾರಾಡಿ ಮಿಕ್ಸರಿಗೋ ಕನ್ವೇಯರಿಗೋ ಸಿಕ್ಕಿಕೊಳ್ಳುತ್ತೆ. ಯಂತ್ರದ ಹತ್ತಿರ ಇರೋರಿಗೆ ಭುಜ, ಪಕ್ಕ, ಮುಂಭಾಗದಲ್ಲಿ ಎಳೆದರೆ ಬಿಟ್ಟುಕೊಳ್ಳೋ ವೆಲ್ಕ್ರೋ ಜೋಡಣೆ ಇರೋದನ್ನ ತರಿಸಿ. ಉಳಿದವರಿಗೆ ಜಿಪ್ ಒಳ್ಳೇದು, ಸಿಮೆಂಟ್ ಧೂಳು ಕೂತ ವೆಲ್ಕ್ರೋ ಬೇಗ ಹಿಡಿತ ಕಳಕೊಳ್ಳುತ್ತೆ. ಹೆಣ್ಣುಮಕ್ಕಳದ್ದು ಬೇರೆ ಲೆಕ್ಕ. ಸೀರೆ ಮೇಲೆ ಗಂಡಸರ ಫುಲ್ ತೋಳಿನ ಶರ್ಟು, ಅದರ ಮೇಲೆ ಜಾಕೆಟ್ಟು. ಅವರಿಗೆ ಎದೆ ಅಳತೆ ಆ ಶರ್ಟಿನ ಮೇಲೇ ತಗೊಳ್ಳಿ. ಬಿಸಿಲಿಗೆ ಸೆರಗನ್ನ ತಲೆ ಮೇಲಿಂದ ಇಳಿಬಿಟ್ಟರೆ ಬೆನ್ನಿನ ಪಟ್ಟಿ ಪೂರ್ತಿ ಮುಚ್ಚುತ್ತೆ, ಸೆರಗು ಜಾಕೆಟ್ ಒಳಗಿರಬೇಕು ಅಂತ ಮೊದಲ ದಿನವೇ ಮೇಸ್ತ್ರಿ ಹೆಂಡತಿಗೋ ಯಾರಿಗಾದರೂ ಹಿರಿಯಾಕೆಗೋ ಹೇಳಿಡಿ, ಅವರ ಮಾತು ನಡೆಯುತ್ತೆ.

ಬಣ್ಣ ನಿಮ್ಮ ಜಾಗ ನೋಡಿ ಆರಿಸಿ. ಶಿರಾಡಿ ಘಾಟಿಯಂಥ ಹಸಿರಿನ ನಡುವೆ ಹಳದಿ-ಹಸಿರು ಜಾಕೆಟ್ ಗಿಡದಲ್ಲಿ ಕರಗುತ್ತೆ, ಅಲ್ಲಿಗೆ ಕಿತ್ತಳೆ. ಬಯಲುಸೀಮೆಯ ಕೆಂಪು ಮಣ್ಣು, ಸುತ್ತ ಕಿತ್ತಳೆ ಕೋನ್‌ಗಳು ಇರೋ ಕಡೆ ಹಳದಿ-ಹಸಿರೇ ಮೇಲು.

ಎಲ್ಲಿ ಅಂತ ಕೇಳಿದ್ರಲ್ಲ. ಬೆಂಗಳೂರಿನ ಎಸ್‌ಜೆಪಿ ರೋಡು, ಪೀಣ್ಯದಲ್ಲಿ ಡೀಲರುಗಳು ಸಿಗ್ತಾರೆ, ಬಹಳ ಜನ ತಾವೇ ಹೊಲಿಸೋರಲ್ಲ. ಇಷ್ಟು ದೊಡ್ಡ ಆರ್ಡರಿಗೆ ಹೊಲಿಯೋ ಘಟಕವನ್ನೇ ನೇರ ಹಿಡಿದರೆ ಜೇಬು, ಜಿಪ್, ಸೈಜು ನಿಮಗೆ ಬೇಕಾದ ಹಾಗೆ ಮಾಡಿಸಬಹುದು. ಯಾರೇ ಆಗಲಿ, ಒಪ್ಪಿದ ಸ್ಯಾಂಪಲ್ ಎರಡು ಮಾಡಿಸಿ, ಒಳಭಾಗದಲ್ಲಿ ಇಬ್ಬರೂ ಮಾರ್ಕರಲ್ಲಿ ಸಹಿ ಹಾಕಿ, ಒಂದು ನಿಮ್ಮ ಬೀರುವಲ್ಲಿ ಇಡಿ. ನಮಗೆ ಒಬ್ಬ ಸಪ್ಲೈಯರ್ ಸ್ಯಾಂಪಲಿಗೆ ಒಂದು ಪಟ್ಟಿ, ಲಾಟಿಗೆ ಇನ್ನೊಂದು ಪಟ್ಟಿ ಹೊಲಿದು ಕಳಿಸಿದ್ದ. ಸಹಿ ಇದ್ದ ಸ್ಯಾಂಪಲ್ ಮುಂದಿಟ್ಟ ಮೇಲೆ ತುಟಿಪಿಟಕ್ಕೆನ್ನದೆ ಮಾಲು ವಾಪಸ್ ಒಯ್ದ. ಮಾಲು ಬಂದ ದಿನ ಮೇಲಿನ ಬಂಡಲ್ ಮಾತ್ರ ಬಿಚ್ಚಬೇಡಿ, ಅಡಿಯಿಂದಲೂ ಒಂದೆರಡು ಎಳೆದು ಟಾರ್ಚ್ ಹಿಡಿಯಿರಿ. ಬಾಕಿ ಹಣ ಆಮೇಲೆ. ಹೊಸಬರಿಗೆ, ಹರಿದವಕ್ಕೆ ಅಂತ ನೂರಕ್ಕೆ ಹದಿನೈದರಷ್ಟು ಹೆಚ್ಚು ತರಿಸಿ. ಇನ್ನೊಂದು, ಜಾಕೆಟ್ ದುಡ್ಡನ್ನ ಕೂಲಿಯಲ್ಲಿ ಹಿಡಿಯೋ ಸಬ್ ಕಾಂಟ್ರಾಕ್ಟರುಗಳಿದ್ದಾರೆ. ಸುರಕ್ಷತೆಯ ಸಾಮಾನು ಕೊಡೋದು ಮಾಲೀಕರ ಹೊಣೆ, ಕಾನೂನು ಹಾಗೆ ಹಿಡಿಯೋಕೆ ಬಿಡಲ್ಲ.

ಕೊಟ್ಟ ಮೇಲೆ ಒಗೆಯೋದನ್ನ ಹೇಳಿಕೊಡಿ. ಕ್ಯಾಂಪಲ್ಲಿ ಕಲ್ಲಿನ ಮೇಲೆ ಹಾಸಿ, ಬಾರ್ ಸೋಪು ಸವರಿ, ಬ್ರಷ್ಷಲ್ಲಿ ಗಸಗಸ ಉಜ್ಜಿದರೆ ಮಣ್ಣಿನ ಜೊತೆ ಗಾಜಿನ ಮಣಿಗಳೂ ಹೋಗ್ತವೆ. ಪಟ್ಟಿಯನ್ನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಬ್ಲೀಚಿಂಗ್ ಪುಡಿ ಬೇಡವೇ ಬೇಡ. ಎಷ್ಟು ಸಲ ಒಗೆಯಬಹುದು ಅಂತ ಒಳ್ಳೇ ಜಾಕೆಟ್ಟಿನ ಲೇಬಲ್ಲಲ್ಲೇ ಇರುತ್ತೆ. ಹೊಳಪು ಹೋದವನ್ನ ಹೊಸದು ಕೊಡುವಾಗ ವಾಪಸ್ ತಗೊಂಡು ಬೆನ್ನ ನಡುವೆ ಕತ್ತರಿ ಹಾಕಿ. ಇಡಿಯಾಗಿ ಗುಜರಿಗೆ ಹಾಕಿದರೆ ನಿಮ್ಮದೇ ಲೋಗೋ ಹೊತ್ತ ಮಂಕು ಜಾಕೆಟ್ಟು ಯಾರದೋ ಮೈಮೇಲೆ ನಿಮ್ಮ ಗೇಟಿಗೇ ಮತ್ತೆ ಬರುತ್ತೆ.