ಡಾಕ್ಟರ್ ಇದ್ದಾರೆ, ಸೈಕಾಲಜಿಸ್ಟ್ ಇದ್ದಾರೆ, ಮತ್ತೆ ಸೋಷಿಯಲ್ ವರ್ಕರ್ ಹತ್ರ ಯಾಕೆ ಹೋಗ್ಬೇಕು?

"ಅಣ್ಣ ಮುಂದಿನ ವಾರ ಸೈಕಿಯಾಟ್ರಿ ವಾರ್ಡಿಂದ ಡಿಸ್ಚಾರ್ಜ್, ಸೋಷಿಯಲ್ ವರ್ಕರ್ ಮೀಟಿಂಗ್ ಒಂದು ಬಿಟ್ರೆ ನಡೆಯುತ್ತಾ, ಡಾಕ್ಟರ್, ಸೈಕಾಲಜಿಸ್ಟ್ ಅವರಿಗಿಂತ ಜಾಸ್ತಿ ಓದಿದೋರಲ್ವಾ" ಅಂತ ಕೇಳಿದೀರಿ. ನನ್ನ ತಮ್ಮನ ಸಲ ನಾನು ಬಿಡ್ಲಿಲ್ಲ, ಹೋದೆ. ಹೋಗಿ ಸುಳ್ಳು ಹೇಳಿ ಬಂದೆ. ಅದು ಹೋಗದೇ ಇರೋದಕ್ಕಿಂತ ಕಡೆ.

ಅವನಿಗೆ ಸ್ಕಿಜೋಫ್ರೇನಿಯಾ, ಇಲ್ಲದ್ದು ಇದೆ ಅನ್ನಿಸೋ ಮಾನಸಿಕ ಕಾಯಿಲೆ. ಊಟದಲ್ಲಿ ಯಾರೋ ಏನೋ ಬೆರೆಸ್ತಿದಾರೆ ಅನ್ನೋದೇ ಅವನ ದೊಡ್ಡ ಅನುಮಾನ. ಮಾತ್ರೆ ಮುಟ್ತಿರ್ಲಿಲ್ಲ, ಅದಕ್ಕೆ ನಾನು ಅಮ್ಮ ಸೇರಿ ಮಾತ್ರೆ ಪುಡಿ ಮಾಡಿ ಅವನ ಊಟಕ್ಕೇ ಹಾಕ್ತಿದ್ವಿ. ಆಗ ನಮಗೆ ಅದು ಜಾಣತನ ಅನ್ನಿಸಿತ್ತು.

ಡಿಸ್ಚಾರ್ಜ್ ಮುಂಚೆ ಆ ಸೋಷಿಯಲ್ ವರ್ಕರ್ ಮೇಡಂ ಕೂರಿಸ್ಕೊಂಡು ಕೇಳಿದ್ರು, ಮನೇಲಿ ಮಾತ್ರೆ ಯಾರು ಕೊಡ್ತೀರಿ, ಯಾವಾಗ ಕೊಡ್ತೀರಿ. ನಾನು, "ಅವನೇ ತಗೋತಾನೆ." ಸ್ವಲ್ಪ ಹೊತ್ತು ಬಿಟ್ಟು, "ಅವನು ಬಾಯಿಗೆ ಹಾಕ್ಕೊಂಡು ನೀರು ಕುಡಿಯೋದನ್ನ ನೀವು ನೋಡಿದೀರಾ?" ಹೂಂ ಅಂದೆ. ಯಾಕೆ ಹೂಂ ಅಂದೆ ಅಂತ ಎಷ್ಟೋ ಸಲ ಯೋಚನೆ ಮಾಡಿದೀನಿ. ನಾಚಿಕೆ ಅಂತೂ ಇತ್ತು, ಆದ್ರೆ ಅಷ್ಟೇ ಅಲ್ಲ. ಅವರು ಆದಾಯ ಎಷ್ಟು, ಮನೇಲಿ ಎಷ್ಟು ಜನ, ಅಪ್ಪನಿಗೂ ಅವನಿಗೂ ಮಾತುಕತೆ ಹೇಗೆ ಅಂತೆಲ್ಲ ಬರ್ಕೋತಿದ್ರು, ನೋಡಿದ್ರೆ ನನಗಿಂತ ಚಿಕ್ಕವರು, ಇವರು ಫಾರಂ ತುಂಬೋರು ಇವರಿಗೆ ನಿಜ ಹೇಳಿ ಏನಾಗ್ಬೇಕು, ಹೇಳೋದಿದ್ರೆ ಡಾಕ್ಟರ್‌ಗೆ ಹೇಳೋಣ ಅಂದ್ಕೊಂಡೆ. ಡಾಕ್ಟರ್‌ಗೂ ಹೇಳ್ಲಿಲ್ಲ, ಅವರು ಕೇಳ್ಲೂ ಇಲ್ಲ. ಹೇಗೋ ಮಾತ್ರೆ ಹೊಟ್ಟೆಗೆ ಹೋಗ್ತಿದೆಯಲ್ಲ, ಪೂರ್ತಿ ಸುಳ್ಳೇನಲ್ಲ ಅನ್ನೋ ಸಮಾಧಾನ ಬೇರೆ.

ಮನೆಗೆ ಬಂದ ಮೇಲೆ ಹತ್ತು ದಿನ ತಗೊಂಡ, ಆಮೇಲೆ ಬೇಡ ಅಂದ, ನಾವು ಮತ್ತೆ ಪುಡಿ ಶುರು ಮಾಡಿದ್ವಿ. ಒಂದು ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ಬಿಟ್ಟ. ಕೂಗಾಡ್ಲಿಲ್ಲ, ಸುಮ್ನೆ ರೂಮಿಗೆ ಹೋಗಿ ಚಿಲಕ ಹಾಕ್ಕೊಂಡ. ಇನ್ನು ಅವನಿಗೆ ಭ್ರಮೆ ಅಂತ ಹೇಳೋಕೆ ನಮಗೆ ಯಾವ ಬಾಯಿ? ಅವತ್ತಿಂದ ಮನೆ ಊಟ ಬಿಟ್ಟ, ಪ್ಯಾಕೆಟ್ ಒಡೆದು ತಿನ್ನೋದು ಮಾತ್ರ. ಐದು ತಿಂಗಳಿಗೆ ಮತ್ತೆ ಅಡ್ಮಿಟ್.

ಅದೇ ಮೇಡಂ ಇದ್ರು. ಈ ಸಲ ಎಲ್ಲ ಹೇಳ್ದೆ. ಬೈಲಿಲ್ಲ, ತುಂಬಾ ಮನೆಗಳಲ್ಲಿ ಹೀಗೆ ಮಾಡ್ತಾರೆ ಅಂದ್ರು. ಡಾಕ್ಟರ್ ಜೊತೆ ಮಾತಾಡಿ, ದಿನಾ ಮಾತ್ರೆ ಬದಲು ತಿಂಗಳಿಗೊಂದು ಇಂಜೆಕ್ಷನ್ ಆಗುತ್ತಾ ಅಂತ ತಮ್ಮನನ್ನೇ ಕೂರಿಸಿ ಕೇಳಿದ್ರು, ಅವನು ಒಪ್ಪಿದ. ನಮ್ಮ ಕೈಲಿ ಅವನ ಹತ್ರ ತಪ್ಪಾಯ್ತು ಅನ್ನಿಸಿದ್ರು. ಅಪ್ಪನನ್ನ ಬೇರೆಯಾಗೇ ಕರೆದು ಮಾತಾಡಿದ್ರು, ಯಾಕಂದ್ರೆ ಅಪ್ಪ ದಿನಾ ಬೆಳಗ್ಗೆ "ದಂಡಪಿಂಡ" ಅಂತ ಶುರು ಮಾಡೋರು. ಮೇಡಂ ಹೇಳಿದ ಪ್ರಕಾರ, 1950ರ ದಶಕದಲ್ಲೇ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಅನ್ನೋ ಸಮಾಜಶಾಸ್ತ್ರಜ್ಞರು ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾದವರ ಹಿಂದೆ ಬಿದ್ದು ನೋಡಿದ್ರಂತೆ, ಹೆತ್ತವರ ಅಥವಾ ಹೆಂಡತಿ ಜೊತೆ ಇರೋಕೆ ಹೋದವರಲ್ಲಿ ಕಾಯಿಲೆ ಮರುಕಳಿಸಿದ್ದು ಬೇರೆ ಕಡೆ ಬಾಡಿಗೆಗಿದ್ದವರಿಗಿಂತ ಜಾಸ್ತಿ. ಮನೆಯವರ ಚುಚ್ಚು ಮಾತು, ಸಿಟ್ಟು, ಅತಿಯಾದ ಕಾಳಜಿ ಇವು ಜಾಸ್ತಿ ಇದ್ದ ಮನೆಗಳಲ್ಲಿ ಮರುಕಳಿಸೋದೂ ಜಾಸ್ತಿ ಅಂತ ಮುಂದೆ ಗೊತ್ತಾಯ್ತು. ಕಾಯಿಲೆ ಮನೆಯವರಿಂದ ಬಂತು ಅಂತಲ್ಲ, ಅದನ್ನ ಒತ್ತಿ ಒತ್ತಿ ಹೇಳಿದ್ರು. ನಿದ್ದೆ ಕಮ್ಮಿ ಆದ್ರೆ, ಕಿಟಕಿ ಮುಚ್ಚೋಕೆ ಶುರು ಮಾಡಿದ್ರೆ ಕಾಯ್ತಾ ಕೂರ್ಬೇಡಿ, ಫೋನ್ ಮಾಡಿ ಅಂತ ಬರೆದೂ ಕೊಟ್ರು. ಅರ್ಧ ದಿನದ ಕೆಲಸ ಸಿಕ್ಕಿದ್ದೂ ಅವರು ಓಡಾಡಿದ್ದರಿಂದ್ಲೇ.

ಮೂವರಲ್ಲಿ ಯಾರು ಜಾಸ್ತಿ ಓದಿದೋರು ಅನ್ನೋ ನಿಮ್ಮ ಲೆಕ್ಕಾನೇ ನನಗೆ ಹಿಡಿಸ್ಲಿಲ್ಲ. ಅವರು ಮಾತ್ರೆ ಬರೆಯಲ್ಲ, ನಿಜ. ಆದ್ರೆ ಅಮೆರಿಕದಲ್ಲಿ ಥೆರಪಿ ಕೊಡೋರಲ್ಲೇ ದೊಡ್ಡ ಪಾಲು ಕ್ಲಿನಿಕಲ್ ಸೋಷಿಯಲ್ ವರ್ಕರ್‌ಗಳದ್ದು, ತರಬೇತಿ ಇಲ್ಲದೆ ಬಂದ ಸ್ವಯಂಸೇವಕರಲ್ಲ ಅವರು. ಡಾಕ್ಟರ್ ನಿಮ್ಮ ಅಣ್ಣನನ್ನ ವಾರ್ಡಲ್ಲಿ ನೋಡ್ತಾರೆ, ಇವರು ನಿಮ್ಮ ಮನೆ ಬಗ್ಗೆ ಕೇಳ್ತಾರೆ, ಅವನು ವಾಪಸ್ ಹೋಗೋದು ಅಲ್ಲಿಗೇ ತಾನೆ?

ಮೀಟಿಂಗ್‌ಗೆ ಒಬ್ಬರೇ ಹೋಗ್ಬೇಡಿ, ಮನೇಲಿ ಅಡುಗೆ ಮಾಡೋರನ್ನೂ ಜಾಸ್ತಿ ಬೈಯೋರನ್ನೂ ಕರ್ಕೊಂಡ್ ಹೋಗಿ. ಅಣ್ಣನ ಎದುರು ಹೇಳೋಕಾಗದ್ದು ಇದ್ರೆ ಬೇರೆ ಟೈಮ್ ಕೇಳಿ, ಕೊಡ್ತಾರೆ.

ತಮ್ಮ ಈಗ ಪರವಾಗಿಲ್ಲ, ಕೊನೇ ಸಲ ಅಡ್ಮಿಟ್ ಆಗಿ ಮೂರು ವರ್ಷ ಆಯ್ತು. ತಟ್ಟೆಗೆ ಇವತ್ತಿಗೂ ತಾನೇ ಬಡಿಸ್ಕೋತಾನೆ, ಅದೂ ನಾವೆಲ್ಲ ಎರಡು ತುತ್ತು ತಿಂದ ಮೇಲೆ.