ಟ್ರ್ಯಾಕ್‌ನಲ್ಲಿ ಓಡಿಸುವ ಪೋರ್ಷೆ ಕೇಮನ್ 987ಕ್ಕೆ ಗಟ್ಟಿ ಎಂಜಿನ್, ಗೇರ್‌ಬಾಕ್ಸ್ ಮೌಂಟ್ ಹಾಕಿಸಬೇಕಾ?

ಮೊದಲು ಗೇರ್‌ಬಾಕ್ಸ್ ಮೌಂಟ್ ಹಾಕಿಸಿ. (ಮೌಂಟ್ ಅಂದರೆ ಎಂಜಿನ್, ಗೇರ್‌ಬಾಕ್ಸನ್ನು ಕಾರಿನ ಬಾಡಿಯಲ್ಲಿ ಹಿಡಿದಿಡುವ ಆಧಾರ; ಕಂಪನಿಯದು ರಬ್ಬರಿನದು.) ಎಂಜಿನ್ ಮೌಂಟ್ ಸರಿ ಇದ್ದರೆ ಅದಕ್ಕೆ ಅವಸರ ಇಲ್ಲ.

ಈ ಕಾರಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ತುಂಡಿನ ಹಾಗೆ ಮೂರು ಕಡೆ ಕೂತಿರುತ್ತವೆ: ಮುಂದೆ ಎಂಜಿನ್ನಿಗೆ ಒಂದು ಮೌಂಟ್, ಹಿಂದೆ ಗೇರ್‌ಬಾಕ್ಸಿಗೆ ಎರಡು. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ, ತಿರುವಿನಲ್ಲಿ ಕಾರು ವಾಲಿದಾಗ, ರಬ್ಬರ್ ಬಗ್ಗಿ ಇಡೀ ಗಂಟು ಅಲುಗುತ್ತದೆ. ಗೇರ್ ಲಿವರ್ ಮಾತ್ರ ಕಾರಿನ ಬಾಡಿಯಲ್ಲಿ ಕೂತಿದೆ, ನಡುವೆ ಕೇಬಲ್. ಹಾಗಾಗಿ ಗೇರ್ ಇದ್ದ ಜಾಗದಲ್ಲಿ ಕೈಗೆ ಸಿಗುವುದಿಲ್ಲ. ಮೂರರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಬಿತ್ತು ಅಂದುಕೊಳ್ಳಿ. ಕ್ಲಚ್ ಬಿಟ್ಟ ಕ್ಷಣದಲ್ಲಿ ಎಂಜಿನ್ ಮಿತಿ ಮೀರಿ ತಿರುಗಿ ಕಿರುಚುತ್ತದೆ, ವಾಲ್ವ್ ಬಾಗಿದರೆ ಜೇಬೂ ಖಾಲಿ.

ಹಳೇ ಮೌಂಟಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ. ರಬ್ಬರ್ ಸೀಳಿದ್ದರೆ, ಜಿಗುಟು ದ್ರವ ಸೋರಿದ್ದರೆ, ಪೋರ್ಷೆ ಕಂಪನಿಯದೇ ಹೊಸ ಮೌಂಟ್ ಹಾಕಿದರೂ ದೊಡ್ಡ ವ್ಯತ್ಯಾಸ ಕಾಣುತ್ತದೆ. ಎಷ್ಟೋ ಜನ ಇದನ್ನು ನೋಡದೆ ಸುಮ್ನೆ ದುಬಾರಿ ಮೌಂಟ್ ತರಿಸುತ್ತಾರೆ.

ಗಟ್ಟಿ ಬೇಕೇ ಬೇಕು ಅಂದರೆ ಪಾಲಿಯುರಿಥೇನ್ (ರಬ್ಬರಿಗಿಂತ ಗಟ್ಟಿಯಾದ ಪ್ಲಾಸ್ಟಿಕ್) ಸಾಕು. ಪೂರ್ತಿ ಅಲ್ಯೂಮಿನಿಯಂ ಮೌಂಟ್ ಬರೀ ರೇಸ್ ಕಾರಿಗೆ. ಅದು ನಡುಕವನ್ನೆಲ್ಲ ನೇರ ಕಾರಿನ ಬಾಡಿಯೊಳಕ್ಕೆ ದಾಟಿಸುತ್ತದೆ. ಪಾಲಿಯುರಿಥೇನಿನಲ್ಲೂ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ ಕನ್ನಡಿ ನಡುಗುತ್ತದೆ, ಗೇರ್‌ಬಾಕ್ಸ್ ಗುಂಯ್‌ಗುಡುವುದು ಜಾಸ್ತಿ ಕೇಳುತ್ತದೆ. ಅದೇ ಕಾರಲ್ಲಿ ದಿನಾ ಆಫೀಸಿಗೂ ಹೋಗಬೇಕಲ್ವಾ? ಹಿಂದಿನ ಎರಡನ್ನೂ ಒಟ್ಟಿಗೇ ಬದಲಿಸಿ, ಒಂದು ಮೆತ್ತಗೆ ಇನ್ನೊಂದು ಗಟ್ಟಿ ಬೇಡ.